ಪಿಡಾನ್ ಸೋರುವುದಿಲ್ಲ, ಸೋರುವುದು ನಿಮ್ಮ ಕತ್ತಲೆ

ಪಿಡಾನ್ ಅಂದರೆ ನೀಲಿ ಬೆಳಕು ಬಿದ್ದಾಗ ಜೀನನ್ನು ಎಬ್ಬಿಸುವ ಪ್ಲಾಸ್ಮಿಡ್, ಬ್ಯಾಕ್ಟೀರಿಯಾದೊಳಗೆ ಸೇರಿಸುವ ಡಿಎನ್‌ಎ ಉಂಗುರ. ಅದನ್ನು ಹಾಕಿದರೆ ಕತ್ತಲಲ್ಲೂ ಜೀನ್ ಓಡಿ ಸೋರುತ್ತದೆ, ಜೀನ್ ಎಬ್ಬಿಸಲು ಐಪಿಟಿಜಿ ಎಂಬ ರಾಸಾಯನಿಕವೇ ವಾಸಿ ಅಂದವರೇ ಹೆಚ್ಚು. ಅದೇ ಪ್ಲಾಸ್ಮಿಡ್, ಅದೇ ಇ. ಕೊಲೈ, ಈಗ ಕತ್ತಲಿಗೂ ಬೆಳಕಿಗೂ ಸುಮಾರು 200 ಪಟ್ಟು ಅಂತರ ಬರುತ್ತಿದೆ.

ಕತ್ತಲಲ್ಲಿ ವೈಎಫ್1 ಎಂಬ ಬೆಳಕು ಗ್ರಹಿಸುವ ಪ್ರೋಟೀನ್ ತನ್ನ ಜೊತೆಗಾರ ಫಿಕ್ಸ್‌ಜೆಗೆ ಫಾಸ್ಫೇಟ್ ದಾಟಿಸುತ್ತಿದ್ದರೆ ಮಾತ್ರ ಸಿಐ ಎಂಬ ತಡೆ ಪ್ರೋಟೀನ್ ಹುಟ್ಟಿ ನಿಮ್ಮ ಜೀನನ್ನು ಮುಚ್ಚಿಡುತ್ತದೆ. ಪ್ಲೇಟಿನಿಂದ ಕಾಲೊನಿ ಎತ್ತುವಾಗ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಆಟ ಅಲ್ಲೇ ಮುಗಿಯಿತು. ಜೀನ್ ಓಡಿದ್ದನ್ನು ಕೆಂಪಾಗಿ ಹೊಳೆದು ತೋರಿಸುವ ಡಿಎಸ್‌ರೆಡ್ ಬೇಗ ನಾಶವಾಗುವ ಪ್ರೋಟೀನಲ್ಲ, ಬೆಳಗಿನ ಬೆಳಕಿನ ಲೆಕ್ಕವನ್ನು ಸಂಜೆ ತೋರಿಸುತ್ತದೆ. ಕೆಂಪು ದೀಪದಡಿ ಎತ್ತಿ, ಎರಡು ಸುತ್ತು ಫಾಯಿಲ್ ಸುತ್ತಿ, ರಾತ್ರಿಯ ಕಲ್ಚರನ್ನು ಎಮ್9 ಎಂಬ ಮಾಧ್ಯಮದಲ್ಲಿ 200 ಪಟ್ಟು ತಿಳಿಮಾಡಿ. ಯಾವ ಒಡಿಯಲ್ಲಿ (ಕಲ್ಚರಿನ ದಟ್ಟಣೆಯ ಅಳತೆ) ತೆಗೆಯಬೇಕೆಂಬ ಗುಟ್ಟು ನನ್ನಲ್ಲೇ ಇರಲಿ.

ಎಲ್‌ಬಿ ಮಾಧ್ಯಮ ಬೇಡ. ಅದರ ಬಣ್ಣವೇ ನೀಲಿಯನ್ನು ನುಂಗುತ್ತದೆ, ಮೇಲಾಗಿ ಅದರೊಳಗಿನ ರೈಬೋಫ್ಲೇವಿನ್ ಬೆಳಕಿಗೆ ಪೆರಾಕ್ಸೈಡ್ ಹುಟ್ಟಿಸುತ್ತದೆ.

ಹಣ ಹೆಚ್ಚು ಪೋಲಾದದ್ದು ದೀಪಕ್ಕೆ. ಪವರ್ ಎಲ್‌ಇಡಿ, ಅದಕ್ಕೆ ಹೀಟ್‌ಸಿಂಕ್, ಫ್ಯಾನು. ಇಷ್ಟಾಗಿ ಟ್ಯೂಬು ಬಿಸಿಯೇರಿ ಬೆಳವಣಿಗೆ ಕುಗ್ಗಿತು. ಕೊನೆಗೆ ನಿಂತದ್ದು 470 ನ್ಯಾನೊಮೀಟರಿನ 5 ಮಿ.ಮೀ. ಎಲ್‌ಇಡಿ, 5 ವೋಲ್ಟ್, 220 ಓಮ್ ರೆಸಿಸ್ಟರ್. ವೈಎಫ್1 ಒಮ್ಮೆ ಬೆಳಕು ಕಂಡರೆ ಮತ್ತೆ ಕತ್ತಲ ಸ್ಥಿತಿಗೆ ಮರಳಲು ಕೋಣೆಯ ಉಷ್ಣತೆಯಲ್ಲಿ ಗಂಟೆಗೂ ಮೀರಿ ಹಿಡಿಯುತ್ತದೆ, 37 ಡಿಗ್ರಿಯಲ್ಲಿ ಇನ್ನೂ ಬೇಗ. ಹಾಗಿರುವಾಗ ಸತತ ಬೆಳಕು ಯಾಕೆ? 30 ಸೆಕೆಂಡು ಉರಿಸಿ 4–5 ನಿಮಿಷ ಆರಿಸಿದರೂ ಇಳುವರಿ ಅಷ್ಟೇ, ಜೀವಕೋಶಕ್ಕೆ ಪೆಟ್ಟು ಕಡಿಮೆ. ಕತ್ತಲ ಕಂಟ್ರೋಲ್ ಟ್ಯೂಬನ್ನೂ ಫಾಯಿಲ್ ಸುತ್ತಿ ಅದೇ ದೀಪದ ಪಕ್ಕದಲ್ಲೇ ಇಡಿ, ಇಲ್ಲದಿದ್ದರೆ ಬಿಸಿಯ ಪರಿಣಾಮ ಬೆಳಕಿನ ಲೆಕ್ಕಕ್ಕೆ ಸೇರುತ್ತದೆ.

ಜೀನ್ ಓಡಿತೇ ಎಂದು ತೋರಿಸುವ ವರದಿಗಾರನಾಗಿ ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೋಟೀನ್ ಬೇಡವೇ ಬೇಡ. ಅದನ್ನು ಅಳೆಯುವ 485 ನ್ಯಾನೊಮೀಟರಿನ ನೀಲಿ ಬೆಳಕೇ ಸರ್ಕ್ಯೂಟನ್ನು ಎಬ್ಬಿಸುತ್ತದೆ. ಅಳೆಯುವ ಮುನ್ನ ಕ್ಲೋರಾಂಫೆನಿಕಾಲ್ ಹಾಕಿ ಪ್ರೋಟೀನ್ ತಯಾರಿ ನಿಲ್ಲಿಸಿ, ಗಾಳಿಯಾಡುವಂತೆ ಒಂದು ಗಂಟೆ ಕುಲುಕಿ. ಆಮ್ಲಜನಕವಿಲ್ಲದೆ ಡಿಎಸ್‌ರೆಡ್ ಬಣ್ಣ ಕಟ್ಟುವುದಿಲ್ಲ.

ನಡುವೆ ಸಿಸಿಎಎಸ್ ಎಂಬ ಇನ್ನೊಂದು ಬೆಳಕಿನ ಸ್ವಿಚ್ಚನ್ನೂ ನೋಡಿದ್ದಾಯಿತು: ಹಸಿರಿಗೆ ತೆರೆ, ಕೆಂಪಿಗೆ ಮುಚ್ಚು, ಕಾಯುವ ಗೋಜಿಲ್ಲ. ಆದರೆ ಅದಕ್ಕೆ ಬೇಕಾದ ಫೈಕೊಸಯನೊಬಿಲಿನ್ ಎಂಬ ಬೆಳಕು ಹೀರುವ ವರ್ಣದ್ರವ್ಯ ಇ. ಕೊಲೈಯಲ್ಲಿಲ್ಲ, ಹೀಮಿನಿಂದ ಅದನ್ನು ತಯಾರಿಸುವ ಎಚ್‌ಒ1, ಪಿಸಿವೈಎ ಜೀನುಗಳನ್ನೂ ಹೊರಿಸಬೇಕು, ಹೀಮ್ ಆ ಕಡೆ ಹರಿದು ಬೆಳವಣಿಗೆ ಮಂದವಾಗುತ್ತದೆ. ಕೆಂಪು ಕೊಟ್ಟರೂ ಆಗಲೇ ತಯಾರಾದ ವರದಿಗಾರ ಪ್ರೋಟೀನ್ ಹೋಗುವುದಿಲ್ಲ; ಪ್ರೋಟೀನನ್ನು ಬೇಗ ಒಡೆಯಿಸುವ ಎಸ್‌ಎಸ್‌ಆರ್‌ಎ ಟ್ಯಾಗ್ ಅಂಟಿಸಿದ ಮೇಲಷ್ಟೇ ಗ್ರಾಫು ಇಳಿಯಿತು.