ಮೇಣದ ಬತ್ತಿಯ ಉರಿಗೆ ಓಡುವ ಉಗಿ ದೋಣಿ: ಮನೆಯಲ್ಲೇ ಮಾಡುವ ಬಗೆ

ಜಾತ್ರೆಯಲ್ಲಿ ಪೀಪಿ, ಬಲೂನು, ಬಳೆ ಅಂಗಡಿಗಳ ಸಾಲು ದಾಟಿದರೆ ಯಾರಾದರೊಬ್ಬರು ಅಗಲವಾದ ಬೋಗುಣಿಯಲ್ಲಿ ನೀರು ತುಂಬಿಸಿ, ಅದರಲ್ಲಿ ತಗಡಿನ ದೋಣಿ ಬಿಟ್ಟುಕೊಂಡು ಕೂತಿರುತ್ತಾರೆ. ದೋಣಿಯೊಳಗೆ ಒಂದು ಎಣ್ಣೆ ಬತ್ತಿ, ಹಿಂದುಗಡೆ ನೀರಿನಲ್ಲಿ ಮುಳುಗಿದ ಎರಡು ಸಣ್ಣ ಕೊಳವೆ. ಬತ್ತಿ ಹೊತ್ತಿಸಿದ ಸ್ವಲ್ಪ ಹೊತ್ತಿಗೆಲ್ಲ ಅದು ಟಪಟಪ ಸದ್ದು ಮಾಡುತ್ತಾ ಬೋಗುಣಿಯ ಅಂಚು ಹಿಡಿದು ಸುತ್ತತೊಡಗುತ್ತದೆ. ಕೀಲಿ ಕೊಡುವ ಹಾಗಿಲ್ಲ, ಸೆಲ್ ಹಾಕುವ ಹಾಗಿಲ್ಲ. ಮನೆಗೆ ತಂದ ಮೇಲೆ ಮಾತ್ರ ಇವುಗಳಲ್ಲಿ ಹಲವು ಬೇಗನೆ ಮುಷ್ಕರ ಹೂಡುತ್ತವೆ. ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ನೀರು ತುಂಬಿಸುವ ಕ್ರಮ ಗೊತ್ತಿರುವುದಿಲ್ಲ. ನಾವೇ ಮಾಡಿಕೊಂಡರೆ ಈ ಎರಡೂ ತಾಪತ್ರಯ ನಮ್ಮ ಹತೋಟಿಗೆ ಬರುತ್ತವೆ.

ಇದು ಹಳೆಯ ಆಟಿಕೆ. ತಾಮಸ್ ಪಿಯೋ ಎಂಬ ಫ್ರೆಂಚ್ ವ್ಯಕ್ತಿ 1891ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಪುಟ್ಟ ಬಾಯ್ಲರ್, ಅದರಿಂದ ಹೊರಟ ಎರಡು ಕೊಳವೆ, ಅಷ್ಟೇ ಅವನ ವಿನ್ಯಾಸ. 1915ರಲ್ಲಿ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ ಬಾಯ್ಲರಿನ ಮೇಲ್ಭಾಗಕ್ಕೆ ತೆಳು ತಗಡಿನ ಪೊರೆ ಕೂರಿಸಿದ ಮಾದರಿ ತಂದ. ಟಪಟಪ ಸದ್ದು ಬರುವುದು ಆ ಪೊರೆಯಿಂದ. 1920ರಲ್ಲಿ ವಿಲಿಯಂ ಪರ್ಸೆಲ್ ಬಾಯ್ಲರನ್ನೇ ಕೈಬಿಟ್ಟು, ಕೊಳವೆಯನ್ನು ಸುರುಳಿ ಸುತ್ತಿ ಉರಿಯ ಮೇಲಿಟ್ಟರೆ ಸಾಕು ಎಂಬ ಮಾದರಿಗೆ ಅರ್ಜಿ ಹಾಕಿದ.

ಮೊದಲ ಸಲ ಮಾಡುವವರು ಸುರುಳಿಯ ಮಾದರಿಯನ್ನೇ ಹಿಡಿಯಿರಿ. ಬೆಸುಗೆ ಬೇಡ, ಸೋರುವ ಸಂದು ಇಲ್ಲ, ಎಂಜಿನ್ ಅಂದರೆ ಒಂದೇ ಒಂದು ತುಂಡು ತಾಮ್ರದ ಕೊಳವೆ. ಸದ್ದು ಹೆಚ್ಚೇನೂ ಬರುವುದಿಲ್ಲ, ಅದೊಂದೇ ಕೊರತೆ. ಸದ್ದಿನ ದೋಣಿಯ ಮಾತು ಆಮೇಲೆ.

ಬೇಕಾದ ಸಾಮಾನು

ಹೊರ ಅಡ್ಡಳತೆ 3 ಮಿ.ಮೀ. ಇರುವ ಮೆತ್ತನೆಯ ತಾಮ್ರದ ಕೊಳವೆ, ಅರ್ಧ ಮೀಟರ್. ಫ್ರಿಜ್, ಎ.ಸಿ. ರಿಪೇರಿಯ ಬಿಡಿಭಾಗ ಮಾರುವ ಅಂಗಡಿಯಲ್ಲಿ ‘ಎಂಟನೇ ಒಂದು ಇಂಚಿನ ಕಾಪರ್ ಪೈಪ್’ ಎಂದು ಕೇಳಿ. ಇಲ್ಲಿ ಒಂದು ಎಚ್ಚರ ಬೇಕು. ಅದೇ ಅಂಗಡಿಯಲ್ಲಿ ಕ್ಯಾಪಿಲರಿ ಎಂಬ ಇನ್ನೊಂದು ಕೊಳವೆ ಇರುತ್ತದೆ. ಹೊರಗಿನಿಂದ ನೋಡಲು ಹೆಚ್ಚು ವ್ಯತ್ಯಾಸ ಕಾಣದು, ಆದರೆ ಅದರ ಒಳರಂಧ್ರ ಒಂದು ಮಿ.ಮೀ.ಗಿಂತಲೂ ಕಿರಿದು. ನಮಗೆ ಒಳಗೆ ಎರಡು ಮಿ.ಮೀ.ಯಾದರೂ ಬೇಕು, ಆದ್ದರಿಂದ ತುದಿಯನ್ನು ಕಣ್ಣಿಟ್ಟು ನೋಡಿಯೇ ಕೊಳ್ಳಿ.

ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ. ಒಂದು ಲೀಟರಿನ ಹಾಲು ಅಥವಾ ಜ್ಯೂಸಿನ ಖಾಲಿ ಟೆಟ್ರಾಪ್ಯಾಕ್, ಅಲ್ಯೂಮಿನಿಯಂ ಬಟ್ಟಲಿನಲ್ಲಿ ಬರುವ ಗಿಡ್ಡ ಮೇಣದ ಬತ್ತಿ, ಎಂ-ಸೀಲ್, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಸೂಜಿಯಿಲ್ಲದ ಸಿರಿಂಜ್, ಅದರ ಮೂತಿಗೂ ಕೊಳವೆಗೂ ಜೋಡಿಸಲು ಒಂದು ಚೂರು ಮೆದು ಪ್ಲಾಸ್ಟಿಕ್ ಪೈಪ್. ಥರ್ಮಾಕೋಲಿನ ದೋಣಿ ಬೇಡ. ಹಗುರ ಹೌದು, ಆದರೆ ಉರಿಯ ಪಕ್ಕದಲ್ಲಿ ಕರಗಿಹೋಗುತ್ತದೆ.

ಸುರುಳಿ ಸುತ್ತುವುದು

ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಭಾಗ ಇದೊಂದೇ. ಮೊದಲು ಕೊಳವೆಯ ನಡುಭಾಗವನ್ನು, ಸುಮಾರು 20 ಸೆಂ.ಮೀ. ಉದ್ದಕ್ಕೆ, ಗ್ಯಾಸ್ ಒಲೆಯ ಉರಿಯಲ್ಲಿ ಮಂದ ಕೆಂಪಗಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ. ಒಲೆಯ ಕೆಲಸ ದೊಡ್ಡವರದು, ಹಿಡಿಯಲು ಇಕ್ಕಳ ಬೇಕೇ ಬೇಕು. ಕುಲುಮೆಯ ಕೆಲಸ ಕಂಡವರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ. ತಾಮ್ರದ ಗುಣ ಬೇರೆ. ಅದನ್ನು ಮೆತ್ತಗೆ ಮಾಡುವುದು ಕಾಯಿಸುವಿಕೆ, ನೀರಿಗೆ ಅದ್ದುವುದು ಬೇಗ ಆರಲಿ ಎಂದಷ್ಟೇ.

ಈಗ ಸುಮಾರು 15 ಮಿ.ಮೀ. ದಪ್ಪದ ಮಾರ್ಕರ್ ಪೆನ್ನನ್ನೋ ಮರದ ಕೋಲನ್ನೋ ತೆಗೆದುಕೊಂಡು, ಕೊಳವೆಯ ನಡುಮಧ್ಯವನ್ನು ಅದಕ್ಕೆ ಒತ್ತಿ ಹಿಡಿದು, ಎರಡೂ ಕಡೆಯಿಂದ ನಿಧಾನವಾಗಿ ಬಗ್ಗಿಸುತ್ತಾ ಮೂರು ಸುತ್ತು ಹಾಕಿ. ಹೆಬ್ಬೆರಳು ಸದಾ ಬಾಗುತ್ತಿರುವ ಜಾಗದ ಮೇಲೆಯೇ ಇರಲಿ. ಎಳೆದಾಡಿದರೆ ಕೊಳವೆ ಚಪ್ಪಟೆಯಾಗುತ್ತದೆ, ಒಮ್ಮೆ ಚಪ್ಪಟೆಯಾದದ್ದನ್ನು ಸರಿಮಾಡುವ ಗೋಜಿಗೆ ಹೋಗದೆ ಹೊಸ ತುಂಡು ತೆಗೆದುಕೊಳ್ಳಿ. ದಪ್ಪ ಕೊಳವೆಯಾದರೆ ಒಳಗೆ ಪುಡಿಯುಪ್ಪು ಗಿಡಿದು ತುಂಬಿಸಿ, ಎರಡೂ ತುದಿಗೆ ಟೇಪು ಸುತ್ತಿ ಬಗ್ಗಿಸುವ ಉಪಾಯವಿದೆ. ಕೆಲಸ ಮುಗಿದ ಮೇಲೆ ಬಿಸಿನೀರು ಹಾಯಿಸಿದರೆ ಉಪ್ಪು ಕರಗಿ ಹೋಗುತ್ತದೆ.

ಮೂರು ಸುತ್ತಿಗೆ ಹದಿನೇಳು ಸೆಂ.ಮೀ.ಯಷ್ಟು ಖರ್ಚಾಗಿ, ಎರಡು ಕಡೆಯೂ ಹದಿನಾರರಷ್ಟು ಉದ್ದದ ಕಾಲುಗಳು ಉಳಿಯುತ್ತವೆ. ಅವು ಒಂದೇ ದಿಕ್ಕಿಗೆ, ಒಂದಕ್ಕೊಂದು ಸಮಾನಾಂತರವಾಗಿ ಇರಲಿ. ಒಂದು ತುದಿಗೆ ಬಾಯಿಟ್ಟು ಊದಿ ನೋಡಿ. ಗಾಳಿ ಸಲೀಸಾಗಿ ಹಾಯ್ದರೆ ಎಂಜಿನ್ ಸಿದ್ಧವಾದಂತೆ.

ಒಡಲು, ಜೋಡಣೆ

ಟೆಟ್ರಾಪ್ಯಾಕನ್ನು ಉದ್ದುದ್ದ ಸೀಳಿ, ಮುಚ್ಚಳವಿಲ್ಲದ ಅರ್ಧವನ್ನು ಇಟ್ಟುಕೊಳ್ಳಿ. ಒಂದು ತುದಿಯನ್ನು ಹಿಸುಕಿ ಮೂತಿಯ ಆಕಾರಕ್ಕೆ ತಂದು ಸ್ಟೇಪಲ್ ಹೊಡೆದು, ಸಂದಿಗೆ ಎಂ-ಸೀಲ್ ಮೆತ್ತಿ. ಒಳಗಡೆ ಬತ್ತಿ ಕೂರುವ ಜಾಗಕ್ಕೂ ಅಕ್ಕಪಕ್ಕದ ಗೋಡೆಗೂ ಅಲ್ಯೂಮಿನಿಯಂ ಹಾಳೆಯನ್ನು ಎರಡು ಪದರವಾಗಿ ಹಾಸಿ.

ಹಿಂಭಾಗದ ತಳದಲ್ಲಿ ಎರಡು ತೂತು ಮಾಡಿ ಕಾಲುಗಳನ್ನು ಓರೆಯಾಗಿ ಕೆಳಗಿಳಿಸಿ. ನೀರಿನೊಳಗೆ ಬಂದ ಮೇಲೆ ಅವುಗಳ ತುದಿಯನ್ನು ನೇರ ಹಿಂದಕ್ಕೆ ಬಗ್ಗಿಸಬೇಕು. ತುದಿಗಳು ನೀರಿನ ಮಟ್ಟಕ್ಕಿಂತ ಒಂದು ಸೆಂ.ಮೀ.ಯಾದರೂ ಕೆಳಗಿರಲಿ, ಕೆಳಮುಖವಾಗಿ ಮಾತ್ರ ಇರಬಾರದು. ತೂತಿನ ಸುತ್ತ ಎಂ-ಸೀಲ್ ಒತ್ತಿ ಒಂದು ರಾತ್ರಿ ಬಿಟ್ಟುಬಿಡಿ. ಪೊಟ್ಟಣದ ಮೇಲೆ ಎಷ್ಟು ಹೊತ್ತು ಬರೆದಿದ್ದರೂ ಸರಿ, ಅವಸರ ಬೇಡ.

ಸುರುಳಿ ಬತ್ತಿಯ ನೆತ್ತಿಯ ಮೇಲೆ, ಒಂದು ಒಂದೂವರೆ ಸೆಂ.ಮೀ. ಎತ್ತರದಲ್ಲಿ ನಿಲ್ಲಬೇಕು. ಉರಿಯ ನಾಲಿಗೆ ತಾಮ್ರವನ್ನು ನೆಕ್ಕುವಂತಿದ್ದರೆ ಸರಿ. ತೀರಾ ಹತ್ತಿರವಾದರೆ ಉರಿ ಕುಗ್ಗಿ ಮಸಿ ಕಟ್ಟುತ್ತದೆ, ಮಸಿ ಕಟ್ಟಿದ ತಾಮ್ರ ನಿಧಾನವಾಗಿ ಕಾಯುತ್ತದೆ. ಮೇಣದ ಬತ್ತಿಯ ಬದಲು ಬಾಟಲಿ ಮುಚ್ಚಳದಲ್ಲಿ ಹತ್ತಿ ಬತ್ತಿ, ಕೊಬ್ಬರಿ ಎಣ್ಣೆ ಹಾಕಿಯೂ ಓಡಿಸಬಹುದು, ಆದರೆ ಮಸಿ ಜಾಸ್ತಿ. ಸ್ಪಿರಿಟ್ ದೀಪವನ್ನು ಮಕ್ಕಳಿರುವ ಕಡೆ ನಾನು ಹೇಳುವುದಿಲ್ಲ. ದೋಣಿ ಮಗುಚಿದರೆ ಉರಿಯುವ ಸ್ಪಿರಿಟ್ ನೀರಿನ ಮೇಲೆ ಹರಡುತ್ತದೆ, ಹಗಲಿನಲ್ಲಿ ಆ ಉರಿ ಕಣ್ಣಿಗೂ ಸರಿಯಾಗಿ ಕಾಣದು.

ನೀರು ತುಂಬಿಸುವುದು

ಬಹುಪಾಲು ದೋಣಿಗಳು ಸೋಲುವುದು ಇಲ್ಲಿ. ಕೊಳವೆಯೊಳಗೆ ದೊಡ್ಡ ಗಾಳಿಗುಳ್ಳೆ ಉಳಿದಿದ್ದರೆ ಎಷ್ಟು ಉರಿ ಕೊಟ್ಟರೂ ದೋಣಿ ಅಲುಗುವುದಿಲ್ಲ. ಗಾಳಿಯನ್ನು ಕಾಯಿಸಿದರೆ ಅದು ಹಿಗ್ಗುತ್ತದೆ ಹೊರತು ಉಗಿಯ ಹಾಗೆ ತಣಿದು ನೀರಾಗಿ ಮಾಯವಾಗುವುದಿಲ್ಲ, ಮತ್ತು ಈ ಎಂಜಿನ್ನಿನ ಗುಟ್ಟೆಲ್ಲ ಇರುವುದು ಆ ಮಾಯವಾಗುವಿಕೆಯಲ್ಲೇ.

ದೋಣಿಯನ್ನು ಟಬ್ಬಿನಲ್ಲಿ ಇಟ್ಟು, ಒಂದು ಕಾಲಿಗೆ ಸಿರಿಂಜ್ ಜೋಡಿಸಿ ನೀರನ್ನು ಒಂದೇ ಸಮನೆ ಒತ್ತಿ. ಇನ್ನೊಂದು ಕಾಲಿನಿಂದ ಮೊದಲು ಗುಳ್ಳೆ ಬರುತ್ತದೆ, ಬಳಿಕ ಬರೀ ನೀರು. ಗುಳ್ಳೆ ಪೂರ್ತಿ ನಿಂತ ಮೇಲೆ, ಎರಡೂ ತುದಿ ನೀರಿನೊಳಗೇ ಇರುವಂತೆ ನೋಡಿಕೊಂಡು ಸಿರಿಂಜ್ ಬಿಡಿಸಿ. ಒಳರಂಧ್ರ 2 ಮಿ.ಮೀ. ಇದ್ದರೆ ಅರ್ಧ ಮೀಟರ್ ಕೊಳವೆಯಲ್ಲಿ ಹಿಡಿಯುವ ನೀರು ಒಂದೂವರೆ ಮಿಲಿಲೀಟರ್ ಮಾತ್ರ. ಕುದಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಕರಗಿದ ಗಾಳಿ ಕಡಿಮೆ.

ಬತ್ತಿ ಹಚ್ಚಿ ಕಾಯಿರಿ. ಮೊದಲು ದೋಣಿ ಸಣ್ಣಗೆ ನಡುಗುತ್ತದೆ. ಹಿಂದೆ ನೀರಿನಲ್ಲಿ ಅಲೆಗಳು ಏಳುತ್ತವೆ. ಆಮೇಲೆ ಹೊರಟೇಬಿಡುತ್ತದೆ.

ಒಳಗೆ ನಡೆಯುವುದೇನು?

ಸುರುಳಿಯಲ್ಲಿನ ನೀರು ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 97 ಡಿಗ್ರಿಗೆ, ಮಂಗಳೂರಿನಲ್ಲಿ 100 ಡಿಗ್ರಿಗೆ. ದೋಣಿಗೆ ಇದರಿಂದ ವ್ಯತ್ಯಾಸವೇನೂ ಆಗದು, ಗೊತ್ತಿರಲಿ ಎಂದು ಹೇಳಿದೆ. ಒಂದು ಪಾಲು ನೀರು ಉಗಿಯಾದರೆ ಸುಮಾರು 1,700 ಪಾಲು ಜಾಗ ಬೇಡುತ್ತದೆ. ಹೀಗಾಗಿ ಹನಿಯ ಒಂದು ಸಣ್ಣ ಅಂಶ ಆವಿಯಾದರೂ ಸಾಕು, ಕಾಲುಗಳಲ್ಲಿರುವ ನೀರನ್ನು ಅದು ಹಿಂದಕ್ಕೆ ತಳ್ಳುತ್ತದೆ. ತಳ್ಳಿಸಿಕೊಂಡ ನೀರು ಹೊರಟ ಓಘದಲ್ಲಿ ಇನ್ನಷ್ಟು ದೂರ ಹೋಗುತ್ತದೆ. ಅದರ ಬೆನ್ನಿಗೇ ಉಗಿ ಉರಿಯಿಂದ ದೂರದ ತಣ್ಣನೆ ಕೊಳವೆಯೊಳಕ್ಕೆ ಬಂದು ಮತ್ತೆ ನೀರಾಗುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿದು, ಟಬ್ಬಿನ ನೀರು ಅದೇ ಕೊಳವೆಯಲ್ಲಿ ವಾಪಸ್ ನುಗ್ಗಿ ಸುರುಳಿ ಸೇರಿ ಮತ್ತೆ ಕುದಿಯುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹಲವು ಸಲ ನಡೆಯುತ್ತದೆ.

ಚುರುಕು ಮಕ್ಕಳು ಇಲ್ಲಿ ಸರಿಯಾದ ತಕರಾರು ತೆಗೆಯುತ್ತಾರೆ. ಹೊರಗೆ ಹೋದಷ್ಟೇ ನೀರು ಒಳಗೂ ಬರುತ್ತದಲ್ಲ, ಹಾಗಾದರೆ ದೋಣಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹೋಗಿ ಇದ್ದಲ್ಲೇ ಇರಬೇಕಲ್ಲ? ಉತ್ತರಕ್ಕೆ ದೀಪ ಸಾಕು. ಊದಿ ದೀಪ ಆರಿಸಬಹುದು, ಅಷ್ಟೇ ದೂರದಿಂದ ಉಸಿರೆಳೆದು ಆರಿಸಲು ನೋಡಿ, ಆಗುವುದಿಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಧಾರೆಯಾಗಿ ಹೋಗುತ್ತದೆ, ಎಳೆದುಕೊಂಡ ಗಾಳಿ ಬಾಯಿಯ ಸುತ್ತಮುತ್ತ ಎಲ್ಲ ಕಡೆಯಿಂದ ಬರುತ್ತದೆ. ನೀರೂ ಹಾಗೆಯೇ. ಹೊರಹೋಗುವಾಗ ಧಾರೆ ನೇರ ಹಿಂದಕ್ಕೆ ಚಿಮ್ಮಿ ದೋಣಿಯನ್ನು ಮುಂದೂಡುತ್ತದೆ. ಒಳಬರುವಾಗ ದೋಣಿಯನ್ನು ಅಷ್ಟು ಬಲವಾಗಿ ಹಿಂದೆಳೆಯುವುದಿಲ್ಲ, ಜೊತೆಗೆ ಮುಂದಕ್ಕೆ ನುಗ್ಗಿ ಬಂದ ನೀರು ಸುರುಳಿಯೊಳಗೆ ನಿಲ್ಲುವಾಗ ತನ್ನ ಓಘವನ್ನು ದೋಣಿಗೇ ಒಪ್ಪಿಸುತ್ತದೆ. ಇಷ್ಟು ಚಿಕ್ಕ ಆಟಿಕೆಯ ಮೇಲೆ 1963ರಲ್ಲಿ ಅಮೆರಿಕದ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ ಗಂಭೀರ ಪ್ರಬಂಧವೇ ಬಂದಿದೆ. ದಕ್ಷತೆಯ ಲೆಕ್ಕ ಕೇಳಿದರೆ ಮಾತ್ರ ನಗು ಬರುತ್ತದೆ. ಬತ್ತಿಯ ಶಾಖದಲ್ಲಿ ದೋಣಿ ಓಡಿಸಲು ಬಳಕೆಯಾಗುವುದು ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ.

ಹಠ ಹಿಡಿದರೆ

ನಡುಗುತ್ತದೆ, ಮುಂದೆ ಹೋಗುವುದಿಲ್ಲ ಎಂದಾದರೆ ಕೊಳವೆಯ ತುದಿ ಕೆಳಗೆ ನೋಡುತ್ತಿದೆ, ಇಲ್ಲವೇ ನೀರಿನಿಂದ ಮೇಲೆ ಬಂದಿದೆ. ಮುಂಭಾಗದಲ್ಲಿ ಭಾರ ಹೆಚ್ಚಾದರೂ ಹಿಂಭಾಗ ಎದ್ದುಕೊಳ್ಳುತ್ತದೆ, ಬತ್ತಿಯನ್ನೂ ಸುರುಳಿಯನ್ನೂ ಒಟ್ಟಿಗೆ ಸ್ವಲ್ಪ ಹಿಂದೆ ಸರಿಸಿ. ಒಂದೇ ಕಡೆಗೆ ತಿರುಗುತ್ತಿದ್ದರೆ ಎರಡು ತುದಿಗಳು ಸಮಾನಾಂತರವಾಗಿಲ್ಲ. ಕೆಲವು ನಿಮಿಷ ಓಡಿ ನಿಂತರೆ ಕಾದ ನೀರಿನಿಂದ ಬಿಟ್ಟ ಗಾಳಿ ಒಳಗೆ ಸೇರಿಕೊಂಡಿದೆ, ಬತ್ತಿ ಆರಿಸಿ, ತಾಮ್ರ ತಣಿದ ಮೇಲೆ ಮತ್ತೆ ನೀರು ಹಾಯಿಸಿ.

ಕೊಳವೆಯ ಎರಡೂ ಬಾಯಿ ಸದಾ ತೆರೆದಿರುವುದರಿಂದ ಒಳಗೆ ಒತ್ತಡ ಏರಿ ಸಿಡಿಯುವ ಭಯ ಇಲ್ಲ. ಆದ್ದರಿಂದಲೇ ಒಂದು ಬಾಯಿ ಮುಚ್ಚಿ ನೋಡೋಣ ಎಂಬ ಪ್ರಯೋಗ ಬೇಡವೇ ಬೇಡ. ಓಡುತ್ತಿರುವ ದೋಣಿಯನ್ನು ನೀರಿನಿಂದ ಎತ್ತಲೂಬಾರದು, ತುದಿಯಿಂದ ಕುದಿನೀರು ಚಿಮ್ಮುತ್ತದೆ.

ಸದ್ದು ಬೇಕೆನ್ನುವವರಿಗೆ

ಸದ್ದಿಲ್ಲದಿದ್ದರೆ ಇದು ದೋಣಿಯೇ ಅಲ್ಲ ಎನ್ನುವವರ ಪಕ್ಷ ನನ್ನದೂ. ಅದಕ್ಕೆ ಸುರುಳಿಯ ಬದಲು ಬಾಯ್ಲರ್ ಆಗಿ, ತೆಳುವಾದ ಹಿತ್ತಾಳೆ ತಗಡಿನಿಂದ, ಬೆಂಕಿಪೊಟ್ಟಣದ ಅಗಲದ, ತೀರಾ ಚಪ್ಪಟೆಯಾದ ಡಬ್ಬಿ ಮಾಡಬೇಕು. ಮೇಲಿನ ಮುಖಕ್ಕೆ 0.1 ಮಿ.ಮೀ. ಅಥವಾ ಅದಕ್ಕೂ ತೆಳು ಹಾಳೆ ಹಾಕಿ, ಬೆರಳಲ್ಲಿ ಒತ್ತಿದರೆ ‘ಟಿಕ್’ ಎನ್ನುವಷ್ಟು ಮಾತ್ರ ಉಬ್ಬು ಕೊಡಿ. ಉಗಿ ಒತ್ತಿದಾಗ ಅದು ಮೇಲೆ ಪುಟಿದು, ಒತ್ತಡ ಇಳಿದಾಗ ಒಳಗೆ ಬೀಳುತ್ತದೆ. ತಂಪು ಪಾನೀಯದ ಡಬ್ಬಿಯ ತಗಡೂ ಹೆಚ್ಚುಕಡಿಮೆ ಇಷ್ಟೇ ತೆಳು, ಆದರೆ ಅಲ್ಯೂಮಿನಿಯಂಗೆ ಮಾಮೂಲಿ ಬೆಸುಗೆ ಹಿಡಿಯದು, ಎಪಾಕ್ಸಿ ಅಂಟನ್ನೇ ನಂಬಬೇಕು. ಹಾಗೆ ಮಾಡುವುದಾದರೆ ಡಬ್ಬಿಯ ಒಳಮೈಯ ಪ್ಲಾಸ್ಟಿಕ್ ಲೇಪವನ್ನು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ತೆಗೆಯಿರಿ.

ಹಿತ್ತಾಳೆಗೆ ರೇಡಿಯೋ ರಿಪೇರಿಯ ಸೀಸ-ತವರದ ಬೆಸುಗೆ ಸಾಕು. ಅದು ಕರಗುವುದು 183 ಡಿಗ್ರಿಯ ಆಸುಪಾಸಿನಲ್ಲಿ. ಡಬ್ಬಿಯಲ್ಲಿ ನೀರಿರುವ ತನಕ ಶಾಖ ಅಷ್ಟಕ್ಕೆ ಏರುವುದಿಲ್ಲ. ನೀರು ಒಣಗಿದ ಮೇಲೂ ಬತ್ತಿ ಉರಿಯುತ್ತಿದ್ದರೆ ಸಂದುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಜಾತ್ರೆಯ ದೋಣಿಯಲ್ಲಿ ಬೆಸುಗೆ ಬಿಡುವುದೂ ಹೆಚ್ಚಾಗಿ ಹೀಗೆಯೇ. ಬೆಸುಗೆ ಹಾಕಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಸೀಸ ಹೊಟ್ಟೆಗೆ ಹೋಗಬಾರದು.

ಬೋರ್‌ವೆಲ್ ನೀರಿನ ಊರುಗಳವರು ಫಿಲ್ಟರ್ ನೀರನ್ನೇ ಬಳಸಿ, ಇಲ್ಲದಿದ್ದರೆ ಸುರುಳಿಯೊಳಗೆ ಸುಣ್ಣ ಕಟ್ಟಿ ದಾರಿ ಕಿರಿದಾಗುತ್ತದೆ. ಹಾಗೇನಾದರೂ ಆದರೆ ಸೋಸಿದ ನಿಂಬೆರಸವನ್ನು ಸಿರಿಂಜಿನಲ್ಲಿ ತುಂಬಿಸಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ನೀರು ಹಾಯಿಸಿ. ಆಟ ಮುಗಿದ ಮೇಲೆ ಒಳಗಿನ ನೀರನ್ನು ಸಿರಿಂಜಿನ ಗಾಳಿಯಿಂದ ಊದಿ ತೆಗೆದು, ದೋಣಿಯನ್ನು ಬೋರಲು ಹಾಕಿ ಒಣಗಿಸಿ ಎತ್ತಿಡಿ.