ಮದ್ರಾಸ್ ಐ ಕಾಲದಲ್ಲಿ ನಾನು ಕಣ್ಣು ನೋಡುವ ಬಗೆ

2023ರ ಜುಲೈ, ಆಗಸ್ಟ್‌ನಲ್ಲಿ ಬೆಂಗಳೂರಿನ ನನ್ನ ಕ್ಲಿನಿಕ್‌ನಲ್ಲಿ ಕೂರೋಕೆ ಜಾಗ ಇರುತ್ತಿರಲಿಲ್ಲ. ಪಿಜಿಯ ಒಂದೇ ರೂಮಿನ ಹುಡುಗರು, ಗಾರ್ಮೆಂಟ್ಸ್‌ನಲ್ಲಿ ಅಕ್ಕಪಕ್ಕ ಕೂತು ಹೊಲಿಯುವ ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಮಗುವಿನಿಂದ ಅಂಟಿಸಿಕೊಂಡ ಇಡೀ ಮನೆಮಂದಿ. ಎಲ್ಲರ ಕಣ್ಣೂ ಕೆಂಪು. ಹೆಚ್ಚಿನವರ ಕೈಯಲ್ಲಿ ಮೆಡಿಕಲ್ ಶಾಪ್‌ನಿಂದ ತಂದ ಡ್ರಾಪ್ಸ್.

ನಾನು ಮೊದಲು ನೋಡೋದು ಆ ಡ್ರಾಪ್ಸ್ ಬಾಟಲಿಯನ್ನೇ. ಲೇಬಲ್ ಮೇಲೆ ಆಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ಜನರಿಗೆ ಖುಷಿ. ಆದರೆ ರೋಗಾಣು ಸತ್ತಿರುವುದಿಲ್ಲ.

ಪ್ರತಿಯೊಬ್ಬರಿಗೂ ಲ್ಯಾಬ್ ಟೆಸ್ಟ್ ಮಾಡಿಸೋದಿಲ್ಲ. ದುಡ್ಡೂ ಜಾಸ್ತಿ, ರಿಪೋರ್ಟ್ ಬರುವಷ್ಟರಲ್ಲಿ ಬಹಳಷ್ಟು ಜನರಿಗೆ ವಾಸಿಯಾಗಿರುತ್ತದೆ. ಹಾಗಾಗಿ ಕೇಳಿ, ಮುಟ್ಟಿ, ನೋಡಿಯೇ ಅಂದಾಜು ಮಾಡಬೇಕು. ಮೊದಲ ಪ್ರಶ್ನೆ: "ಮನೆಯಲ್ಲಿ ಬೇರೆಯವರಿಗೆ ಯಾವಾಗ ಶುರುವಾಯಿತು?" ಒಂದೆರಡು ದಿನದಲ್ಲೇ ಎಲ್ಲರಿಗೂ ಬಂದಿದ್ದರೆ, ರೆಪ್ಪೆ ಊದಿ, ಬಿಳಿಭಾಗದಲ್ಲಿ ರಕ್ತದ ಚುಕ್ಕೆಗಳಿದ್ದರೆ, ನನ್ನ ಅನುಮಾನ ಕಾಕ್ಸಾಕಿ ಎ24 ಎಂಬ ವೈರಸ್ ಮೇಲೆ. ಆ ವರ್ಷ ದೇಶದ ಹಲವು ಕಡೆ ಸ್ಯಾಂಪಲ್‌ಗಳಲ್ಲಿ ಸಿಕ್ಕಿದ್ದೂ ಇದೇ. ಜೋರಾಗಿ ಬಂದು ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುತ್ತದೆ.

ಇನ್ನೊಂದು ವೈರಸ್ ಅಡಿನೋವೈರಸ್, ಅದು ನಿಧಾನ. ಅಂಟಿದ ಎಷ್ಟೋ ದಿನಗಳ ಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು. ನೀರು ಸುರಿಯುತ್ತದೆ, ಕೆಲವರಿಗೆ ಗಂಟಲು ನೋವು, ಜ್ವರ. ಕಿವಿಯ ಮುಂದೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಸಣ್ಣ ಗಂಟು ಸಿಗುತ್ತದೆ, "ಅಯ್ಯೋ, ನೋವು ಡಾಕ್ಟ್ರೇ" ಅನ್ನುತ್ತಾರೆ. ಇದು ಎರಡು, ಮೂರು ವಾರ ಎಳೆಯಬಹುದು. ಕೆಲವರಿಗೆ ಕರಿಗುಡ್ಡೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಉಳಿದು ತಿಂಗಳುಗಟ್ಟಲೆ ನೋಟ ಮಸುಕಾಗುತ್ತದೆ.

ಬ್ಯಾಕ್ಟೀರಿಯಾ ಮಕ್ಕಳಲ್ಲಿ ಜಾಸ್ತಿ. ದಪ್ಪ ಹಳದಿ ಗೀಜು, ಒರೆಸಿದಷ್ಟೂ ಮತ್ತೆ ಬರುತ್ತದೆ, ಕೆಲವು ಮಕ್ಕಳಿಗೆ ಜೊತೆಗೆ ಕಿವಿನೋವು. ಆಂಟಿಬಯಾಟಿಕ್ ಡ್ರಾಪ್ಸ್ ನಿಜವಾಗಿ ಕೆಲಸ ಮಾಡೋದು ಇಲ್ಲಿ. ಆದರೆ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿತ್ತು ಅನ್ನೋದೊಂದನ್ನೇ ನಾನು ನಂಬೋದಿಲ್ಲ. ವೈರಸ್‌ನಲ್ಲೂ ಅಂಟುತ್ತದೆ.

ಒಬ್ಬ ತಾಯಿ ಬಂದಿದ್ದರು. ಒಂದೇ ಕಣ್ಣು ಕೆಂಪು. "ಡ್ರಾಪ್ಸ್ ಹಾಕಿದ್ಮೇಲೆ ಕಮ್ಮಿಯಾಗಿತ್ತು, ಈಗ ಎಲ್ಲ ಮಂಜು ಮಂಜು" ಅಂದರು. ಫ್ಲೋರೆಸಿನ್ ಎಂಬ ಬಣ್ಣ ಹಚ್ಚಿದ ಕಾಗದದ ಪಟ್ಟಿ ಒದ್ದೆ ಮಾಡಿ ರೆಪ್ಪೆಯ ಒಳಗೆ ತಾಗಿಸಿ, ನೀಲಿ ಬೆಳಕು ಬಿಟ್ಟೆ. ಕರಿಗುಡ್ಡೆಯ ಮೇಲೆ ಎಲೆ ಉದುರಿದ ಕೊಂಬೆಯಂಥ ಹಸಿರು ಗೆರೆ ಹೊಳೆಯಿತು. ಹರ್ಪಿಸ್ ಎಂಬ ವೈರಸ್‌ನ ಹುಣ್ಣು. ಅವರು ಹಾಕಿದ್ದ ಡ್ರಾಪ್ಸ್‌ನಲ್ಲಿದ್ದ ಸ್ಟಿರಾಯ್ಡ್ ಅದನ್ನು ಬೆಳೆಸಿತ್ತು. ಆ ವೈರಸ್‌ಗೆ ಕೊಡುವ ಅಸೈಕ್ಲೋವಿರ್ ಮುಲಾಮಿನಿಂದ ವಾಸಿಯಾಯಿತು, ಆದರೆ ಸಣ್ಣ ಕಲೆ ಉಳಿಯಿತು. ಎಷ್ಟೇ ಜನ ಕಾಯುತ್ತಿರಲಿ, ಒಂದೇ ಕಣ್ಣು ಕೆಂಪಾಗಿ ನೋಟ ಮಂಜಾಗಿದ್ದರೆ ಆ ಪಟ್ಟಿ ಹಾಕದೆ ಕಳಿಸೋದಿಲ್ಲ.

ಕ್ಲಿನಿಕ್‌ನಿಂದಲೇ ರೋಗ ಹರಡಬಾರದು, ಅಲ್ವಾ? ಅಡಿನೋವೈರಸ್ ಒಣಗಿದ ಮೇಜಿನ ಮೇಲೂ ವಾರಗಟ್ಟಲೆ ಬದುಕುತ್ತದೆ. ಸ್ಯಾನಿಟೈಸರ್ ಒಂದನ್ನೇ ನೆಚ್ಚಿಕೊಳ್ಳಲಾಗದು. ಪ್ರತಿ ರೋಗಿಯ ನಂತರ ಸೋಪು ಹಾಕಿ ಕೈತೊಳೆಯುತ್ತೇನೆ, ಕಣ್ಣು ನೋಡುವ ಯಂತ್ರದಲ್ಲಿ ಗಲ್ಲ ಇಡುವ ಜಾಗವನ್ನು ಬ್ಲೀಚ್ ನೀರಿನಲ್ಲಿ ಒರೆಸುತ್ತೇವೆ.

ವೈರಸ್ ಅಂತ ಅನ್ನಿಸಿದರೆ ನಾನು ಹೇಳೋದು ಇಷ್ಟೇ: ತಣ್ಣೀರ ಬಟ್ಟೆ, ಕಣ್ಣೀರಿನಂಥ ಡ್ರಾಪ್ಸ್, ಬೇರೆ ಟವೆಲ್, ಬೇರೆ ದಿಂಬು. ನೋಡಿದ ಮಾತ್ರಕ್ಕೆ ಹರಡೋದಿಲ್ಲ, ಕೈಯಿಂದ ಹರಡುತ್ತದೆ. ಎದೆಹಾಲು, ನಂದಿಬಟ್ಟಲು ರಸ ಬೇಡ. ಜೋರು ನೋವು, ಬೆಳಕು ಚುಚ್ಚುವುದು, ನೋಟ ಮಸುಕು ಇದ್ದರೆ, ಅಥವಾ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಹುಟ್ಟಿ ತಿಂಗಳಾಗದ ಮಗುವಿನ ಕಣ್ಣಲ್ಲಿ ಕೀವು ಕಂಡರಂತೂ ರಾತ್ರಿಯಾದರೂ ಕಾಯಬೇಡಿ. ಅದು ಹೆರಿಗೆಯಲ್ಲಿ ತಾಯಿಯಿಂದ ಅಂಟಿದ ಗೊನೋರಿಯಾ ಎಂಬ ಲೈಂಗಿಕ ಸೋಂಕು ಆಗಿದ್ದರೆ ಕರಿಗುಡ್ಡೆ ತೂತಾಗಲು ಹೆಚ್ಚು ಹೊತ್ತು ಬೇಕಿಲ್ಲ.