ಕಪ್ಪಾದ ಬೆಳ್ಳಿಗೆ ಸಿಲವಾರ ಪಾತ್ರೆಯ ಉಪಚಾರ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅತ್ತಿಗೆಯ ಫೋನ್. ‘ನೀನು ಹೇಳಿದ ಹಾಗೇ ಮಾಡಿದೆ ಕಣೆ, ದೀಪ ಇನ್ನೂ ಕಪ್ಪಗೇ ಇದೆ.’ ಹೋಗಿ ನೋಡಿದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಮಧ್ಯೆ ದೀಪ, ಮೇಲೆ ಅಲ್ಯೂಮಿನಿಯಂ ಫಾಯಿಲ್ಲಿನ ಚೂರುಗಳು ಸುಮ್ನೆ ತೇಲುತ್ತಿವೆ. ಇನ್ನೇನಾಗುತ್ತೆ?

ಬೆಳ್ಳಿಯ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ಅಂಟಿ ಸಿಲ್ವರ್ ಸಲ್ಫೈಡ್ ಆಗಿರುತ್ತದೆ. ಪುಡಿ ಹಾಕಿ ತಿಕ್ಕಿದರೆ ಅದರ ಜೊತೆ ಬೆಳ್ಳಿಯೂ ಸವೆಯುತ್ತದೆ. ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ, ಗೀರು ಬೀಳುತ್ತದೆ.

ಮೊದಲು ಎಣ್ಣೆ ಜಿಡ್ಡು ತೊಳೆಯಿರಿ. ಆಮೇಲೆ ಅಗಲವಾದ ಸ್ಟೀಲ್ ಪಾತ್ರೆಯ ತಳಕ್ಕೆ ಫಾಯಿಲ್ ಹಾಸಿ. ನನ್ನ ಕೇಳಿದರೆ ಅಟ್ಟದ ಮೇಲಿನ ಹಳೇ ಸಿಲವಾರ ಪಾತ್ರೆಯೇ ವಾಸಿ. ಹೆಸರು ಸಿಲವಾರ, ಆದರೆ ಅದು ಅಲ್ಯೂಮಿನಿಯಮ್ಮೇ ಅಲ್ವಾ? ಒಳಗೆಲ್ಲ ಕಪ್ಪಾಗುತ್ತದೆ, ಮತ್ತೆ ಅಡುಗೆಗೆ ಇಡಬೇಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಬೆಳ್ಳಿ ಅಲ್ಯೂಮಿನಿಯಂಗೆ ತಾಗಿಕೊಂಡೇ ಇರಬೇಕು. ನಡೆಯುವುದು ಟಾರ್ಚಿನ ಸೆಲ್ಲಿನೊಳಗೆ ನಡೆಯುವಂಥದ್ದೇ. ಅಲ್ಯೂಮಿನಿಯಂ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ತಾಗಿದ ಜಾಗದಿಂದ ಅವು ಬೆಳ್ಳಿಯ ಕಪ್ಪು ಪದರಕ್ಕೆ ಹರಿದರೆ ಗಂಧಕವು ಬೆಳ್ಳಿಯನ್ನು ಬಿಟ್ಟು ನೀರಿಗಿಳಿಯುತ್ತದೆ, ಬೆಳ್ಳಿ ಬೆಳ್ಳಿಯಾಗಿ ಅಲ್ಲೇ ಉಳಿಯುತ್ತದೆ. ತಾಗದಿದ್ದರೆ ಸರ್ಕ್ಯೂಟೇ ಇಲ್ಲ. ಜಿಡ್ಡು ಅಡ್ಡ ಬಂದರೂ ಅಷ್ಟೇ. ಉದ್ಧರಣೆ, ಲೋಟಗಳನ್ನು ಒಂದರ ಮೇಲೊಂದು ಪೇರಿಸದೆ ಬಿಡಿಬಿಡಿಯಾಗಿ ಇಡಿ. ಎತ್ತರದ ದೀಪವಾದರೆ ಮಲಗಿಸಿ, ಕಾಂಡಕ್ಕೂ ಒಂದು ಸುತ್ತು ಫಾಯಿಲ್ ಒತ್ತಿ. ನಡುನಡುವೆ ಹೊರಳಿಸಿ.

ಒಂದು ಲೀಟರ್ ನೀರಿಗೆ 2 ದೊಡ್ಡ ಚಮಚ ಅಡುಗೆ ಸೋಡಾ, 1 ಸಣ್ಣ ಚಮಚ ಉಪ್ಪು. ಬೇಕಿಂಗ್ ಪೌಡರ್ ಅಲ್ಲ. ನೀರು ಕುದಿದು ಇಳಿಸಿದ್ದೇ ಆಗಬೇಕು. ಸೋಡಾ ಉಕ್ಕುತ್ತದೆ, ನಿಧಾನಕ್ಕೆ ಹಾಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೀತಿದೆ ಅಂತ, ಕಿಟಕಿ ತೆಗೆಯಿರಿ. ಐದು ನಿಮಿಷ ಬಿಟ್ಟು ತೆಗೆದು, ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ.

ಬಣ್ಣ ಬಳಿದ ಅಮ್ಮನವರ ಮುಖವಾಡ, ಮುತ್ತು ಹರಳಿನ ಒಡವೆ, ಒಳಗೆ ಅರಗು ತುಂಬಿದ್ದು ಯಾವುದನ್ನೂ ಅದ್ದಬೇಡಿ. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆಯ ಚೆಂದವೂ ಹೋಗುತ್ತದೆ. ಜರ್ಮನ್ ಸಿಲ್ವರ್ ತಂದು ‘ಬೆಳ್ಳಗಾಗಲಿಲ್ಲ’ ಅಂತ ನನ್ನ ಬೈಯಬೇಡಿ. ಅದರಲ್ಲಿರೋದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಇಲ್ಲವೇ ಇಲ್ಲ.

ಇನ್ನು ಬೆಳ್ಳಿ ಕಡ್ಡಿಗೆ ಬ್ಯಾಟರಿ ಕಟ್ಟಿ ‘ಬೆಳ್ಳಿ ನೀರು’ ಮಾಡಿ ಕುಡಿಯುವವರೂ ಇದ್ದಾರೆ. ಅದು ಇದರ ಉಲ್ಟಾ. ಅಲ್ಲಿ ಕರೆಂಟು ಬೆಳ್ಳಿಯಿಂದಲೇ ಎಲೆಕ್ಟ್ರಾನ್ ಕಿತ್ತು, ಬೆಳ್ಳಿಯನ್ನು ನೀರಿಗೆ ಇಳಿಸುತ್ತದೆ. ಜಾಸ್ತಿ ದಿನ ಕುಡಿದರೆ ಚರ್ಮ ಬೂದು-ನೀಲಿಗೆ ತಿರುಗುತ್ತದೆ, ಅದು ಮತ್ತೆ ಹೋಗುವುದಿಲ್ಲ. ಆ ತಂಟೆಗೆ ಹೋಗಬೇಡಿ.

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕ ಇರುತ್ತದೆ. ಅತ್ತಿಗೆಯ ಲೋಟಗಳ ಮೇಲೆ ಅದು ಬರೆದಿದ್ದ ಕಪ್ಪು ಗೆರೆ ಎರಡನೇ ಸಲ ಅದ್ದಿದ ಮೇಲೇ ಹೋಗಿದ್ದು.